ಮಗುವಿನ ಹೆಸರು ಹೇಳಿ, ಸಿಸ್ಟರ್
ಬದಿಯಡ್ಕದಲ್ಲಿ ಆರು ವರ್ಷದ ಮಗನನ್ನು ಕಳೆದುಕೊಂಡವರ ಮನೆಗೆ ಹೋದಾಗ ಅವನ ಹೆಸರು ಎತ್ತಬಹುದಾ ಎಂದು ಕೇಳಿದ್ದೀರಿ. ಖಂಡಿತ ಎತ್ತಿ. ನೆನಪಿಸಿದರೆ ನೋವಾಗುತ್ತದೆ ಅಂತ ನಾವು ಹೆದರುತ್ತೇವೆ, ಆದರೆ ಅವರು ಮರೆತೇ ಇಲ್ಲವಲ್ಲ. ಊರೆಲ್ಲ ಆ ಹೆಸರು ಬಿಟ್ಟುಬಿಟ್ಟಾಗಲೇ ನೋವು ಜಾಸ್ತಿ. ಶಾಲೆ ಚೀಲ ಎತ್ತಿಡಿ ಅಂತಲೂ ತಾಯಿಗೆ ಹೇಳಬೇಡಿ.

ಅಪ್ಪ ಹತ್ತೇ ದಿನಕ್ಕೆ ಅಡಿಕೆ ತೋಟಕ್ಕೆ ಇಳಿದರು, ಅವರಿಗೆ ದುಃಖ ಇಲ್ಲವೇ ಎಂದಿರಿ. ಇದೆ. ದುಃಖ ಒಮ್ಮೆ ನೋವಿನ ಕಡೆ, ಒಮ್ಮೆ ಬದುಕಿನ ಕಡೆ ತೂಗುತ್ತದೆ ಎಂದು 1999ರಲ್ಲೇ ಸ್ಟ್ರೋಬ್ ಮತ್ತು ಶುಟ್ ಎಂಬ ಸಂಶೋಧಕರು ವಿವರಿಸಿದ್ದಾರೆ. ಅಪ್ಪ ಅಮ್ಮ ಇಬ್ಬರ ದುಃಖವೂ ಒಂದೇ ಹೊತ್ತಿಗೆ ಒಂದೇ ಕಡೆ ತೂಗಬೇಕೆಂದಿಲ್ಲ, ಅಲ್ವಾ? ಅಪ್ಪನ ಹತ್ತಿರ ತೋಟದಲ್ಲೇ ಮಾತಾಡಿ, ಮನೆಮಾತು ತುಳುವಾದರೆ ತುಳುವಿನಲ್ಲೇ. ಇಬ್ಬರಲ್ಲಿ ಯಾರೇ ಸಾಯುವ ಮಾತಾಡಿದರೆ ಮಾತ್ರ ಕಾಯಬೇಡಿ, ಅದೇ ದಿನ ಡಾಕ್ಟರಿಗೆ ತಿಳಿಸಿ.