ಲಿಂಡ್‌ಬರ್ಗ್ ಮಗುವನ್ನು ಕದ್ದವನು ಕಿಟಕಿಯಿಂದ ಬಂದನಾ, ಒಳಗಿನವರೇ ಬಾಗಿಲು ತೆಗೆದರಾ?

ಏಣಿ ಹತ್ತಿ ಕಿಟಕಿಯಿಂದಲೇ ಬಂದ ಅಂತ ನನಗೆ ಅನ್ನಿಸುತ್ತದೆ. ಆದರೆ ಒಳಗಿನವರ ಮೇಲಿನ ಅನುಮಾನವೂ ಸುಮ್ನೆ ಹುಟ್ಟಿದ್ದಲ್ಲ.

1932ರ ಮಾರ್ಚ್ 1ರ ರಾತ್ರಿ, ಅಮೆರಿಕದ ನ್ಯೂಜೆರ್ಸಿಯಲ್ಲಿ ವಿಮಾನ ಹಾರಾಟಕ್ಕೆ ಹೆಸರಾದ ಚಾರ್ಲ್ಸ್ ಲಿಂಡ್‌ಬರ್ಗ್ ಅವರ 20 ತಿಂಗಳ ಮಗು ಮೇಲಿನ ಮಹಡಿಯ ಕೋಣೆಯಿಂದ ಕಾಣೆಯಾಯಿತು. ಕಿಟಕಿಯ ಕೆಳಗೆ ಮಣ್ಣಿನಲ್ಲಿ ಏಣಿ ಊರಿದ ಗುರುತು. ಸ್ವಲ್ಪ ದೂರದಲ್ಲಿ ಮುರಿದ ಏಣಿ.

ನಾನು ಬೆಳಗಾವಿಯಲ್ಲಿ ಬಡಿಗತನ ಮಾಡುವವನು. ನನ್ನ ಕಣ್ಣು ನಿಂತಿದ್ದು ಆ ಕಿಟಕಿಯ ಹೊರಗಿನ ಕದಗಳ ಮೇಲೆ. ಅವು ಸೊಟ್ಟಗಾಗಿ ಚಿಲಕ ಬೀಳುತ್ತಿರಲಿಲ್ಲ. ನಮ್ಮಲ್ಲಿ ಮಳೆಗಾಲ ಬಂದರೆ ಎಷ್ಟು ಮನೆಗಳಲ್ಲಿ ಇದೇ ಗೋಳು, ಅಲ್ವಾ? ಆದರೆ ಅಷ್ಟು ಕಿಟಕಿಗಳಲ್ಲಿ ಕಳ್ಳ ಅದನ್ನೇ ಆರಿಸಿದ. ಇನ್ನೊಂದು ಮಾತು. ಆ ಕುಟುಂಬ ಸಾಮಾನ್ಯವಾಗಿ ಶನಿವಾರ, ಭಾನುವಾರ ಮಾತ್ರ ಅಲ್ಲಿರುತ್ತಿತ್ತು. ಮಗುವಿಗೆ ನೆಗಡಿಯಾದ ಕಾರಣ ಆ ಮಂಗಳವಾರವೂ ಉಳಿದರು. ಹೊರಗಿನವನಿಗೆ ಇದು ಗೊತ್ತಾಗಿದ್ದು ಹೇಗೆ?

ಸುದ್ದಿ ಒಳಗಿನಿಂದ ಹೋಗಿರಬಹುದು. ದೂರದಿಂದ ದೀಪ ನೋಡಿಯೂ ತಿಳಿದಿರಬಹುದು. ಆದರೆ ಸುದ್ದಿ ಕೊಡುವುದು ಬೇರೆ, ಬಾಗಿಲು ತೆಗೆಯುವುದು ಬೇರೆ. ಈ ಅನುಮಾನಕ್ಕೆ ಒಂದು ಜೀವವೂ ಹೋಯಿತು. ಲಿಂಡ್‌ಬರ್ಗ್ ಅವರ ಅತ್ತೆಮನೆಯ ಕೆಲಸದ ಹೆಣ್ಣುಮಗಳೊಬ್ಬಳು ಪದೇ ಪದೇ ವಿಚಾರಣೆಯಿಂದ ನೊಂದು ವಿಷ ಕುಡಿದಳು. ಅದನ್ನು ಓದಿದಾಗ ನನಗೆ ಬಹಳ ಸಂಕಟವಾಯಿತು.

ಬಾಗಿಲಿನ ವಾದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಏಣಿಗೆ ಇದೆ. ಅದರ ಒಂದು ಪಟ್ಟಿ, ಬಡಿಗನೇ ಆಗಿದ್ದ ಆರೋಪಿ ಬ್ರೂನೋ ಹಾಪ್ಟ್‌ಮನ್ ಮನೆಯ ಅಟ್ಟದ ಹಲಗೆಯಿಂದ ಬಂದದ್ದು ಅಂತ ಮರದ ತಜ್ಞ ಆರ್ಥರ್ ಕೋಲರ್ ಕೋರ್ಟಿನಲ್ಲಿ ಹೇಳಿದರು. ಮರದ ಎಳೆಗಳೂ ಕೂಡಿದವು, ಮೊಳೆಯ ತೂತುಗಳೂ ಕೂಡಿದವು.