ಹೃದಯದ ಪ್ರಾಜೆಕ್ಟ್‌ಗೆ ಅಷ್ಟೊಂದು ಇಲಿಗಳು ಬೇಕೇ ಬೇಕಾ?

ನೀವು ಚಿತ್ರದುರ್ಗದಲ್ಲಿ ಎಂ.ಫಾರ್ಮ್ ಓದುತ್ತಿದ್ದೀರಿ. ಹೊಳೆಮತ್ತಿ (ಅರ್ಜುನ) ಮರದ ತೊಗಟೆ ಹೃದಯ ಕಾಪಾಡುತ್ತದಾ ಅಂತ 36 ಇಲಿಗಳ ಮೇಲೆ ನೋಡಬೇಕಿದೆ, ಮನಸ್ಸು ಒಪ್ಪುತ್ತಿಲ್ಲ, ಕಡಿಮೆ ಮಾಡಬಹುದಾ ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಫಾರ್ಮಕಾಲಜಿ ಪಾಠ ಮಾಡುತ್ತೇನೆ. ಖಂಡಿತ ಮಾಡಬಹುದು.

ಮೊದಲು ಈ ಪ್ರಯೋಗವೇ ಬೇಕಾ ನೋಡಿ. ಹೊಳೆಮತ್ತಿ ಕೊಟ್ಟು, ಅಡ್ರಿನಾಲಿನ್ ಥರದ ಔಷಧಿಯಾದ ಐಸೋಪ್ರೊಟೆರೆನಾಲ್‌ನಿಂದ ಇಲಿಯ ಹೃದಯ ಕೆಡಿಸಿ ನೋಡಿದ ಪ್ರಬಂಧಗಳು ಈಗಾಗಲೇ ಬೇಕಾದಷ್ಟಿವೆ. ಉತ್ತರ ಸಿಕ್ಕಿರುವ ಪ್ರಶ್ನೆಗೆ ಮತ್ತೆ ಇಲಿ ಸಾಯಿಸುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಪ್ರಶ್ನೆ ಹೊಸದಾಗಿದ್ದರೆ ಮೊದಲು ಎಚ್‌9ಸಿ2 ಜೀವಕೋಶಗಳ ಮೇಲೆ ನೋಡಿ. ಇಲಿ ಭ್ರೂಣದ ಹೃದಯದಿಂದ ಬಂದ ಈ ಕೋಶಗಳನ್ನು ಲ್ಯಾಬ್‌ನಲ್ಲೇ ಬೆಳೆಸಬಹುದು. ಯಾವ ಎಕ್ಸ್‌ಟ್ರಾಕ್ಟ್ (ತೊಗಟೆಯಿಂದ ತೆಗೆದ ಸಾರ) ಇಲ್ಲೇ ಸೋಲುತ್ತದೋ ಅದಕ್ಕೆ ಇಲಿಗಳ ಗುಂಪೇ ಬೇಡ.

ಇನ್ನು ಸಂಖ್ಯೆ. ಗುಂಪಿಗೆ 6 ಇಲಿ ಅನ್ನುವುದು ಎಷ್ಟೋ ಸಲ ಸೀನಿಯರ್‌ಗಳ ಥೀಸಿಸ್‌ನಿಂದ ಸುಮ್ನೆ ಇಳಿದು ಬಂದಿರುತ್ತದೆ. ಸ್ಟ್ಯಾಟಿಸ್ಟಿಕ್ಸ್ ಗೊತ್ತಿರುವವರ ಹತ್ತಿರ ಕೂತು ಲೆಕ್ಕ ಹಾಕಿಸಿ. ತೀರಾ ಕಡಿಮೆ ಇಟ್ಟರೂ ಕಷ್ಟ, ಏನೂ ಸಾಬೀತಾಗದೆ ಅಷ್ಟೂ ಜೀವ ವ್ಯರ್ಥ. ಎಕೋ (ಹೃದಯದ ಸ್ಕ್ಯಾನ್) ಸೌಲಭ್ಯ ಇದ್ದರೆ ಒಂದೇ ಇಲಿಯನ್ನು ಮೊದಲೂ ಆಮೇಲೂ ನೋಡಬಹುದು. ಪ್ರತಿ ಹಂತಕ್ಕೂ ಬೇರೆ ಇಲಿಗಳನ್ನು ಸಾಯಿಸಬೇಕಿಲ್ಲ.

ಆದರೆ ಹೆಚ್ಚು ಜನ ಗಮನ ಕೊಡದಿರುವುದು ಇಲಿಯ ಭಯಕ್ಕೆ. ಐಸೋಪ್ರೊಟೆರೆನಾಲ್ ಹೃದಯಕೋಶಗಳ ಮೇಲಿನ ರಿಸೆಪ್ಟರ್ ಎಂಬ ಗ್ರಾಹಕಗಳನ್ನು ಕೆರಳಿಸಿ ಹೃದಯವನ್ನು ವಿಪರೀತ ದುಡಿಸುತ್ತದೆ, ಕೊನೆಗೆ ಆಮ್ಲಜನಕ ಸಾಲದೆ ಸ್ನಾಯು ಸಾಯುತ್ತದೆ. ಹೆದರಿದ ಇಲಿಯ ಮೈಯಲ್ಲಿ ಅಡ್ರಿನಾಲಿನ್ ಕೂಡ ಅದೇ ರಿಸೆಪ್ಟರ್‌ಗಳನ್ನು ಕೆರಳಿಸುತ್ತದೆ. ಆಗ ನೀವು ಅಳೆದದ್ದು ಔಷಧಿಯ ಪರಿಣಾಮವೋ ಭಯದ್ದೋ, ಹೇಗೆ ಹೇಳುತ್ತೀರಿ? ಒಂದೊಂದು ಇಲಿ ಒಂದೊಂದು ಥರ ಅಂಕಿ ಕೊಡುತ್ತದೆ, ಅದನ್ನು ಸರಿದೂಗಿಸಲು ಇನ್ನಷ್ಟು ಇಲಿ ಬೇಕಾಗುತ್ತದೆ. ಹಾಗಾಗಿ ಮೊದಲ ಡೋಸ್‌ಗೆ ಮುಂಚೆಯೇ ಕೆಲವು ದಿನ ಅವನ್ನು ಮೃದುವಾಗಿ ಕೈಯಲ್ಲಿ ಎತ್ತಿ ಅಭ್ಯಾಸ ಮಾಡಿಸಿ. ಒಂಟಿಯಾಗಿ ಇಡಬೇಡಿ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲು ಗೊತ್ತಲ್ವಾ? ಎಸಿಗೆ ಬ್ಯಾಕಪ್ ಇಲ್ಲದಿದ್ದರೆ ಆ ತಿಂಗಳುಗಳಲ್ಲಿ ಪ್ರಯೋಗ ಇಟ್ಟುಕೊಳ್ಳಲೇಬೇಡಿ. ಕರೆಂಟ್ ಹೋಗಿ ಅನಿಮಲ್ ಹೌಸ್ ಕಾದರೆ ಇಲಿಗೂ ಹಿಂಸೆ, ನಿಮ್ಮ ಡೇಟಾನೂ ಹಾಳು.

ಬದಲಿ, ಕಡಿತ, ನೋವು ತಗ್ಗಿಸುವುದು ಎಂಬ ಈ ಮೂರು ಮಾತನ್ನು ಬ್ರಿಟನ್ನಿನ ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿದ್ದರು. ಈಗ ದಾರಿ ಇನ್ನೂ ಜಾಸ್ತಿ ಇದೆ. ಔಷಧಿಯಿಂದ ಹೃದಯದ ಲಯ ತಪ್ಪುತ್ತದಾ ಅಂತ 2017ರಲ್ಲಿ ಆಕ್ಸ್‌ಫರ್ಡ್‌ನವರು 62 ಔಷಧಿಗಳನ್ನು ಕಂಪ್ಯೂಟರಿನಲ್ಲಿ ರೂಪಿಸಿದ ಮಾನವ ಹೃದಯಕೋಶಗಳ ಮಾದರಿ ಮೇಲೆ ನೋಡಿದರು. 89% ಸರಿ ಬಂತು. ನಿಮ್ಮ ಪ್ರಾಜೆಕ್ಟ್‌ಗೆ ಅದು ನೇರವಾಗಿ ಹೊಂದಲ್ಲ, ಆದರೂ ಓದಿ.

ಗೈಡ್ ಒಪ್ಪುತ್ತಾರೋ ಇಲ್ಲವೋ ಅಂತ ಹಿಂಜರಿಯಬೇಡಿ. ನಿಮ್ಮ ಕಾಲೇಜಿನ ಪ್ರಾಣಿ ನೈತಿಕ ಸಮಿತಿಯಲ್ಲಿ ಪಶುವೈದ್ಯರು ಇರುತ್ತಾರೆ. ಅರ್ಜಿ ಹಾಕುವ ಮೊದಲೇ ಅವರನ್ನು ನೋಡಿ. ಇಲಿ ಯಾವ ಸ್ಥಿತಿಗೆ ಬಂದರೆ ಪ್ರಯೋಗ ನಿಲ್ಲಿಸಿ ನೋವಿಲ್ಲದೆ ಕೊನೆಗಾಣಿಸಬೇಕು, ಹೃದಯಕ್ಕೆ ತೊಂದರೆ ಕೊಡದ ನೋವಿನ ಔಷಧಿ ಯಾವುದು, ಎರಡನ್ನೂ ಕೇಳಿ ಪ್ರೋಟೋಕಾಲ್‌ನಲ್ಲೇ ಬರೆದುಬಿಡಿ.