ತಂದೆಯವರ ಹಟದೊಳಗೆ ಸಿಕ್ಕಿಕೊಂಡ ಸ್ನೇಹಿತ

ನಿಮ್ಮ ಪತ್ರದ ಸಮಸ್ಯೆ ಸ್ಪಷ್ಟವಾಗಿದೆ. ನಿವೃತ್ತ ಲೆಕ್ಕಾಧಿಕಾರಿಯಾದ ನಿಮ್ಮ ತಂದೆಯವರು, ರಕ್ತದೊತ್ತಡದ ಮಾತ್ರೆಗಳಿಂದ ಮೂತ್ರಪಿಂಡ ಹಾಳಾಗುತ್ತದೆ ಎಂಬ ವಿಡಿಯೊ ನೋಡಿ ಆರು ತಿಂಗಳಿಂದ ಮಾತ್ರೆ ಬಿಟ್ಟಿದ್ದಾರೆ. ನೀವು ವೈದ್ಯರ ಲೇಖನಗಳನ್ನು ಕಳುಹಿಸಿದಷ್ಟೂ ಅವರ ಹಟ ಬಿಗಿಯಾಗಿದೆ. ನೆಂಟರೆಲ್ಲ ಸೇರಿದ್ದಾಗ ನಿಮ್ಮ ಅಣ್ಣ ಅವರ ಬಿ.ಪಿ. ನೋಡಿ, 170/100 ಎಂದು ಎಲ್ಲರಿಗೂ ಕೇಳುವಂತೆ ಓದಿ, ‘ಇಷ್ಟು ಓದಿದವರಿಗೆ ಇಷ್ಟೂ ತಿಳಿಯಬಾರದೇ’ ಎಂದಿದ್ದಾರೆ. ಕಣ್ಣೆದುರಿನ ಸತ್ಯ ಅಪ್ಪನಿಗೇಕೆ ಕಾಣುವುದಿಲ್ಲ ಎಂಬುದು ನಿಮ್ಮ ಪ್ರಶ್ನೆ.

ಮೂತ್ರಪಿಂಡವನ್ನು ಹಾಳು ಮಾಡುವುದು ಹತೋಟಿ ತಪ್ಪಿದ ರಕ್ತದೊತ್ತಡವೇ. ಆದರೆ ಅದು ಸಾಮಾನ್ಯವಾಗಿ ಯಾವ ನೋವನ್ನೂ ಕೊಡದೆ ಹೆಚ್ಚುವುದರಿಂದ, ಮಾತ್ರೆಯಿಲ್ಲದೆ ಚೆನ್ನಾಗಿ ಕಳೆದ ಪ್ರತಿ ದಿನವೂ ನಿಮ್ಮ ತಂದೆಯವರಿಗೆ ಒಂದು ಹೊಸ ಪುರಾವೆಯಾಗಿದೆ. 1975ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಆತ್ಮಹತ್ಯೆಯ ಪತ್ರಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಗುರುತಿಸಲು ಹೊರಟವರಿಗೆ, ಉತ್ತರ ಏನೇ ಇದ್ದರೂ, ಮೊದಲೇ ನಿಗದಿಪಡಿಸಿದ ಅಂಕಗಳನ್ನು ಕೊಡಲಾಯಿತು. ಆ ಅಂಕಗಳು ಸುಳ್ಳೆಂದು ಬಿಡಿಸಿ ಹೇಳಿದ ಮೇಲೂ, ಹೆಚ್ಚು ಅಂಕ ಪಡೆದಿದ್ದವರು ತಮ್ಮನ್ನು ಸಮರ್ಥರೆಂದೂ ಕಡಿಮೆ ಪಡೆದಿದ್ದವರು ಅಸಮರ್ಥರೆಂದೂ ಭಾವಿಸುವುದು ಮುಂದುವರಿಯಿತು. ಒಮ್ಮೆ ನಂಬಿದ ಮನಸ್ಸು ಆ ನಂಬಿಕೆಗೆ ತನ್ನದೇ ಕಾರಣಗಳನ್ನು ಕಟ್ಟಿಕೊಂಡಿರುತ್ತದೆ. ಮೂಲ ಆಧಾರ ಕುಸಿದರೂ ಆ ಕಾರಣಗಳು ಉಳಿಯುತ್ತವೆ. ನೀವು ಆ ವಿಡಿಯೊ ಸುಳ್ಳೆಂದು ಸಾಧಿಸುತ್ತಿದ್ದೀರಿ, ಆದರೆ ಅವರು ಈಗ ಆ ವಿಡಿಯೊವನ್ನು ನೆಚ್ಚಿಕೊಂಡಿಲ್ಲ.

ಪತ್ರದ ಕೊನೆಯಲ್ಲಿ, ಮುಖ್ಯವಲ್ಲವೆಂಬಂತೆ, ಒಂದು ಮಾತು ಬರೆದಿದ್ದೀರಿ: ‘ಅಪ್ಪನ ಮಾತು ಕೇಳಿ ಅವರ ಸ್ನೇಹಿತರೊಬ್ಬರೂ ಮಾತ್ರೆ ಬಿಟ್ಟಿದ್ದಾರೆ.’ ನನ್ನ ದೃಷ್ಟಿಯಲ್ಲಿ ಇಡೀ ಪತ್ರದ ಗಂಟು ಇಲ್ಲಿದೆ. ಇಂದು ನಿಮ್ಮ ತಂದೆಯವರು ತಾವು ತಪ್ಪಿದ್ದೇವೆಂದು ಒಪ್ಪಿದರೆ, ತಮ್ಮನ್ನು ನಂಬಿದ ಸ್ನೇಹಿತನ ಜೀವವನ್ನು ಅಪಾಯಕ್ಕೆ ಒಡ್ಡಿದ್ದೇವೆಂದೂ ಒಪ್ಪಬೇಕಾಗುತ್ತದೆ. ಜೀವನವಿಡೀ ಇನ್ನೊಬ್ಬರ ಲೆಕ್ಕಕ್ಕೆ ಹೊಣೆ ಹೊತ್ತ ಮನುಷ್ಯನಿಗೆ ಅದು ಸಣ್ಣ ಭಾರವಲ್ಲ. ನನಗೆ ಅವರ ಮೇಲೆ ಸಿಟ್ಟಿಲ್ಲ, ನಿಮ್ಮ ಅಣ್ಣನ ಮೇಲಿದೆ. ಹತ್ತು ಜನರೆದುರು ಯಾರನ್ನೂ ತಿದ್ದಬಾರದೆಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ. ಹಾಗೆ ತಿದ್ದಲು ಹೊರಟಾಗ ಆ ಮನುಷ್ಯನಿಗೆ ಸತ್ಯಕ್ಕಿಂತ ಮೊದಲು ತನ್ನ ಮಾನವನ್ನು ಉಳಿಸಿಕೊಳ್ಳುವ ಕೆಲಸ ಬೀಳುತ್ತದೆ. ಅಣ್ಣ ಓದಿದ ಸಂಖ್ಯೆ ಸರಿಯಾಗಿತ್ತು, ಆದರೆ ಅದನ್ನು ಒಪ್ಪಿಕೊಳ್ಳುವ ದಾರಿಯನ್ನು ಅವರೇ ಮುಚ್ಚಿದರು.

ಆದ್ದರಿಂದ ಲೇಖನ ಕಳುಹಿಸುವುದನ್ನು ಇಂದೇ ನಿಲ್ಲಿಸಿ, ಒಂದೇ ಕೆಲಸ ಮಾಡಿ. ತಂದೆಯವರು ಒಬ್ಬರೇ ಇರುವಾಗ, ‘ನಿಮ್ಮ ಸ್ನೇಹಿತರು ನಿಮ್ಮ ಮಾತನ್ನಷ್ಟೇ ಕೇಳುತ್ತಾರೆ, ಅವರನ್ನು ಒಮ್ಮೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ, ನಾನೂ ಬರುತ್ತೇನೆ’ ಎಂದು ಕೇಳಿ. ಅಲ್ಲಿ ಇಬ್ಬರ ರಕ್ತದೊತ್ತಡವನ್ನೂ ನೋಡಲಿ. ಹಳೆಯ ಮಾತ್ರೆಯನ್ನೇ ಮತ್ತೆ ಶುರು ಮಾಡಬೇಕೇ, ಬದಲಿಸಬೇಕೇ ಎಂಬುದನ್ನು ವೈದ್ಯರೇ ತೀರ್ಮಾನಿಸಲಿ. ಇದು ಈ ವಾರವೇ ಆಗಬೇಕು. ಅದಕ್ಕೂ ಮೊದಲು ಇಬ್ಬರಲ್ಲಿ ಯಾರಿಗಾದರೂ ಎದೆನೋವು ಬಂದರೆ, ಮಾತು ತೊದಲಿದರೆ ಅಥವಾ ಕೈಕಾಲು ಸೋತರೆ ತಡಮಾಡದೆ ಆಸ್ಪತ್ರೆಗೆ ಸೇರಿಸಿ. ಅಣ್ಣನನ್ನು ಜೊತೆಗೆ ಕರೆಯಬೇಡಿ. ಯಾರ ಮಾತು ಕೇಳಿ ಮಾತ್ರೆ ಬಿಟ್ಟಿರಿ ಎಂದು ವೈದ್ಯರು ಸ್ನೇಹಿತರನ್ನು ಕೇಳಿದರೆ, ನೀವು ಬಾಯಿ ಹಾಕದೆ ಸುಮ್ಮನಿರಿ. ಉತ್ತರ ಕೊಡುವ ಅವಕಾಶ ನಿಮ್ಮ ತಂದೆಯವರಿಗೇ ಇರಲಿ.